ಶನಿವಾರದ ಅರ್ಧ ಗಂಟೆಗೆ ಎಷ್ಟು ನಕ್ಷತ್ರ

ಮಾರುಕಟ್ಟೆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕೂಗುವವರು ಯಾರೂ ಇಲ್ಲ. ಎಲ್ಲರಿಗೂ ಅವನು ತೂಕದಣ್ಣ. ತಕ್ಕಡಿಯ ಮುಳ್ಳು ವಾಲಿದರೆ, ಅಂಗಡಿಯ ಮೇಜಿನ ಮೇಲೆ ಕೆಂಪು ಅಂಕಿ ತೋರಿಸುವ ಯಂತ್ರ ಮನಸ್ಸಿಗೆ ಬಂದಂತೆ ಎಣಿಸತೊಡಗಿದರೆ, ಗೋದಾಮಿನಲ್ಲಿ ಮೂಟೆ ತೂಗುವ ಕಬ್ಬಿಣದ ಹಲಗೆ ಕುಸಿದು ಕೂತರೆ, ಅವನ ಅಂಗಡಿಗೇ ಬರಬೇಕು. ಆ ಅಂಗಡಿಯೋ, ಇಬ್ಬರು ಒಳಗೆ ಬಂದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಹಿಂದಿನ ಗೋಡೆಗೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂತ ಹಿತ್ತಾಳೆಯ ತೂಕಗಳು. ಬೇರೆಲ್ಲ ತೂಕಗಳು ಸರಿಯೋ ತಪ್ಪೋ ಎಂದು ನೋಡುವುದು ಇವುಗಳ ಎದುರಿಗೆ. ಬರಿಗೈಯಲ್ಲಿ ಮುಟ್ಟಿದರೆ ಬೆವರು ಅಂಟಿ ತೂಕ ಕೆಡುತ್ತದೆಂದು ಅವನು ಅವನ್ನು ಹತ್ತಿಬಟ್ಟೆಯಲ್ಲಿ ಹಿಡಿದೇ ಎತ್ತುತ್ತಿದ್ದ. ಹೆತ್ತ ಮಗಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡವನಲ್ಲ ಎಂದು ಅವನ ಅಕ್ಕ ಆಡಿಕೊಳ್ಳುತ್ತಿದ್ದಳು. ಅದು ಸುಳ್ಳು. ಮಗಳನ್ನೂ ಹಾಗೇ ಎತ್ತಿಕೊಂಡಿದ್ದ.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು, ಅದನ್ನು ಅಪ್ಪನಿಂದ ಕಲಿತಿದ್ದ. ಯಂತ್ರ ಬಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವಂತಿಲ್ಲ. ಮೊದಲು ತೂಗಿ ನೋಡಬೇಕು. ಎಷ್ಟು ತಪ್ಪು ತೋರಿಸುತ್ತದೆಂದು ಚೀಟಿಯಲ್ಲಿ ಬರೆಯಬೇಕು: 'ಎರಡು ಕಿಲೋಗೆ ಎಂಟು ಗ್ರಾಂ ಕಡಿಮೆ'. ಚೀಟಿಯನ್ನು ದಾರದಲ್ಲಿ ಯಂತ್ರಕ್ಕೆ ಕಟ್ಟಬೇಕು. ಆಮೇಲೆ ರಿಪೇರಿ. ಸರಿಯಾದ ಮೇಲೆ ಚೀಟಿ ಹರಿದು ಹಾಕಬೇಕು. ತಪ್ಪು ಎಷ್ಟು ಎಂದು ಬರೆಯದೆ ಸರಿ ಮಾಡಲು ಹೊರಟವನು ಇದ್ದದ್ದನ್ನೂ ಕೆಡಿಸುತ್ತಾನೆ ಎಂದು ಅಪ್ಪ ಹೇಳುತ್ತಿದ್ದ. ಒಮ್ಮೆ ತರಕಾರಿಯವನೊಬ್ಬ ಹಲ್ಲು ಗಿಂಜುತ್ತ, "ಅಣ್ಣಾ, ಒಂದು ಹತ್ತು ಗ್ರಾಂ ನನ್ನ ಕಡೆ ವಾಲಿರ್ಲಿ, ಯಾರಿಗೆ ಗೊತ್ತಾಗುತ್ತೆ?" ಅಂದ. "ನಂಗೆ ಗೊತ್ತಾಗುತ್ತಲ್ಲಪ್ಪ" ಎಂದು ಇವನು ಅವನ ಯಂತ್ರವನ್ನು ರಿಪೇರಿ ಮಾಡದೆಯೇ ವಾಪಸು ಕೊಟ್ಟ. ಚೀಟಿಯನ್ನು ಮಾತ್ರ ಬಿಚ್ಚಲಿಲ್ಲ. ತರಕಾರಿಯವನು ಅದನ್ನು ನೋಡಿಕೊಳ್ಳದೆ ವಾರವಿಡೀ ಹಾಗೇ ವ್ಯಾಪಾರ ಮಾಡಿ ಬೀದಿಗೆಲ್ಲ ನಗೆಪಾಟಲಾದ.

ಇಂಥವನ ಜೊತೆ ಸಂಸಾರವೆಂದರೆ ಕಬ್ಬಿಣದ ಕಡಲೆಯೇ. ಹೆಂಡತಿ ಬಡಿಸಿ "ಹೇಗಿದೆ?" ಎಂದು ಕೇಳಿದರೆ ಬೇರೆ ಗಂಡಸರು ತಟ್ಟೆಯಿಂದ ತಲೆ ಎತ್ತದೆ "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗಿಯಿತು. ಇವನು ಒಂದು ತುತ್ತು ತಿಂದು, ಯೋಚಿಸಿ, "ಉಪ್ಪು ಒಂದು ಚಿಟಿಕೆ ಜಾಸ್ತಿ. ನಿನ್ನೆಗಿಂತ ವಾಸಿ" ಅನ್ನುತ್ತಿದ್ದ. ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ಬಂದು ನಿಂತರೆ, "ಬಲತೋಳು ಅರ್ಧ ಇಂಚು ಉದ್ದ ಹೊಲಿದಿದಾನೆ" ಅನ್ನುತ್ತಿದ್ದ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ಕುಡಿದವನಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದ, ಅಷ್ಟೇ. ಹನ್ನೊಂದು ವರ್ಷ ಅವಳು ತಡೆದಳು. "ನಿಮ್ಮ ಜೊತೆ ಬದುಕೋದು ಅಂದ್ರೆ ದಿನಾ ತಕ್ಕಡಿ ಮೇಲೆ ಕೂತ್ಕೊಂಡ ಹಾಗೆ. ನಂಗೆ ಸಾಕಾಯ್ತು" ಎಂದು ಎಂಟು ವರ್ಷದ ಮಗಳ ಕೈ ಹಿಡಿದು, ರೈಲಿನಲ್ಲಿ ಒಂದೂವರೆ ದಿನದ ದಾರಿಯ ದೂರದ ಊರಿಗೆ ಹೊರಟುಹೋದಳು.

ಆಗಲಾದರೂ ಬಾಯಿಬಿಟ್ಟು 'ತಪ್ಪಾಯ್ತು' ಅಂದಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಇವನು ಏನು ಮಾಡಿದ? ಸಂಸಾರ ಕೆಟ್ಟಿದೆ, ಸರಿ ಮಾಡಬೇಕು, ಹಾಗಾದರೆ ಮೊದಲು ತಪ್ಪು ಬರೆಯಬೇಕು ಅಂದುಕೊಂಡ. ಎರಡು ಹಾಳೆ ತೆಗೆದುಕೊಂಡು ಇಬ್ಬರ ತಪ್ಪುಗಳನ್ನೂ ಬೇರೆಬೇರೆ ಪಟ್ಟಿ ಮಾಡಿ ಅವಳಿಗೆ ಕಳಿಸಿದ. ತನ್ನವು ಹದಿನಾಲ್ಕು, ಅವಳವು ಒಂಬತ್ತು. ತನ್ನದೇ ಹೆಚ್ಚಿರುವುದರಿಂದ ಅವಳಿಗೆ ಸಮಾಧಾನವಾದೀತು ಎಂದು ನಿಜವಾಗಿಯೂ ನಂಬಿದ್ದ. ಅವಳು ಆ ಒಂಬತ್ತರ ಹಾಳೆಯನ್ನು ನ್ಯಾಯಾಲಯದಲ್ಲಿ ಕೊಟ್ಟಳು. ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಇವನ ಮುಖ ನೋಡಿದರು.

ಆಜ್ಞೆ ಹೀಗಾಯಿತು. ಮಗಳು ತಾಯಿಯ ಬಳಿ ಇರತಕ್ಕದ್ದು. ತಂದೆ ಪ್ರತಿ ಶನಿವಾರ ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ ವೀಡಿಯೊದಲ್ಲಿ ಮಗಳನ್ನು ನೋಡಬಹುದು, ಅದೂ ಕುಟುಂಬ ಕೇಂದ್ರದವರ ಆ್ಯಪಿನ ಮೂಲಕ ಮಾತ್ರ. ಮಗಳು ಆ ಊರಿನ ಕೇಂದ್ರಕ್ಕೆ ಬಂದು ಅಲ್ಲಿನ ಕುರ್ಚಿಯಲ್ಲಿ ಕೂತು ಮಾತಾಡಬೇಕು, ಇವನು ತನ್ನ ಫೋನಿನಲ್ಲಿ. ಹೆಂಡತಿಯ ಫೋನ್ ನಂಬರಾಗಲಿ ವಿಳಾಸವಾಗಲಿ ಇವನಿಗೆ ಸಿಗಕೂಡದು. ಪತ್ರ ಬರೆಯುವ ಚಟ ಇರುವವನು ಅಂತ ಅಲ್ಲೇ ದಾಖಲಾಗಿತ್ತಲ್ಲ, ಪತ್ರವನ್ನೂ ಬರೆಯಕೂಡದು. ಹಾಗಾಗಿ ವಾರದ ನೂರಾರು ಗಂಟೆಗಳಲ್ಲಿ ಅವನು ಅಪ್ಪನಾಗಿರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಶನಿವಾರ ಮೂರೂವರೆಗೇ ಅಂಗಡಿಯ ಷಟರನ್ನು ಅರ್ಧ ಎಳೆಯುತ್ತಿದ್ದ. ಮುಖ ತೊಳೆದು, ಗಾಜಿನಲ್ಲಿ ನೋಡಿ ತಲೆ ಬಾಚಿಕೊಂಡು, ಫೋನನ್ನು ಐದು ಕಿಲೋದ ಕಬ್ಬಿಣದ ತೂಕದ ಕಲ್ಲಿಗೆ ಒರಗಿಸಿ, ಕಣ್ಣಿನ ಮಟ್ಟಕ್ಕೆ ಬರುವಂತೆ ಅಡಿಗೆ ಎರಡು ಪುಸ್ತಕ ಇಟ್ಟು ಕೂರುತ್ತಿದ್ದ. ಸರಿಯಾಗಿ ನಾಲ್ಕಕ್ಕೆ ಪರದೆ ಬೆಳಗುತ್ತಿತ್ತು. ಬೆಳಗಿದ ಮೇಲೆ ಮಗಳು ಕಾಣುವುದು ಅವರವರ ಅದೃಷ್ಟ. ಒಂದು ವಾರ ಮುಖವಿದ್ದರೆ ಮಾತಿಲ್ಲ, ಇನ್ನೊಂದು ವಾರ ಮಾತಿದ್ದರೆ ಮುಖದ ಜಾಗದಲ್ಲಿ ಚೌಕಚೌಕದ ಬಣ್ಣ. ಶಾಲೆಯಲ್ಲಿ ಯಾವಳೋ ಗೆಳತಿ ತನ್ನ ಜೊತೆ ಮಾತು ಬಿಟ್ಟಳೆಂದು ಮಗಳು ಅಳುತ್ತ ಹೇಳುತ್ತಿದ್ದರೆ, ಆ ಗೆಳತಿ ಯಾಕೆ ಮಾತು ಬಿಟ್ಟಳು ಅನ್ನುವ ಹೊತ್ತಿಗೆ ಶಬ್ದ ಕಡಿದು, ಮತ್ತೆ ಬಂದಾಗ ಮಗಳು ಕಣ್ಣೊರೆಸಿಕೊಂಡು "ಅಷ್ಟೇ ಅಪ್ಪ" ಅನ್ನುತ್ತಿದ್ದಳು. "ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು" ಅಂದರೆ, "ಹೋಗ್ಲಿ ಬಿಡಪ್ಪ." ದುಃಖವನ್ನು ಎರಡು ಸಲ ಹೇಳು ಅಂದರೆ ಯಾವ ಮಗು ತಾನೇ ಹೇಳೀತು?

ನಾಲ್ಕೂವರೆಗೆ ಮಾತ್ರ ಯಂತ್ರ ಒಂದು ಕ್ಷಣವೂ ತಪ್ಪುತ್ತಿರಲಿಲ್ಲ. ಮಗಳು 'ಟಾಟಾ' ಅನ್ನಲು ಕೈ ಎತ್ತುವಷ್ಟರಲ್ಲಿ ಮುಖ ಮಾಯ. ಅವಳ ಮುಖವಿದ್ದ ಜಾಗದಲ್ಲೇ ಐದು ಬೋಳು ನಕ್ಷತ್ರಗಳು. ನಿಮ್ಮ ಭೇಟಿ ಹೇಗಿತ್ತು? ಚಿತ್ರ ಹೇಗಿತ್ತು? ಶಬ್ದ ಹೇಗಿತ್ತು? ಒಟ್ಟಾರೆ ಅನುಭವ ಹೇಗಿತ್ತು? ಈ ಸೇವೆಯನ್ನು ನಿಮ್ಮ ಸ್ನೇಹಿತರಿಗೆ, ಬಂಧುಗಳಿಗೆ ಶಿಫಾರಸು ಮಾಡುವಿರಾ? ಕೊನೆಗೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಕೆಳಗಿನ ಚೌಕದಲ್ಲಿ ಬರೆಯಿರಿ. ಕರುಳು ಕಿತ್ತು ಬರುವ ಆ ಗಳಿಗೆಯಲ್ಲಿ ಮನುಷ್ಯನನ್ನು ಕೂರಿಸಿಕೊಂಡು ಇಂಥದ್ದನ್ನು ಕೇಳಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಶಿಫಾರಸು ಮಾಡಬೇಕಂತೆ. ಹೋಗಿ ನಾಲ್ಕು ಜನ ಸ್ನೇಹಿತರ ಭುಜ ತಟ್ಟಿ, ನೀವೂ ಹೆಂಡತಿಯನ್ನು ಕಳೆದುಕೊಳ್ಳಿ, ಮಗುವನ್ನು ಅಂಗೈ ಅಗಲದ ಗಾಜಿನಲ್ಲಿ ನೋಡಿ, ಬಹಳ ಸೊಗಸಾಗಿರುತ್ತದೆ ಅನ್ನಬೇಕೇನೋ. ಬೇರೆ ಯಾರಾದರೂ ಆಗಿದ್ದರೆ ಫೋನನ್ನು ಗೋಡೆಗೆ ಎಸೆಯುತ್ತಿದ್ದರು, ಇಲ್ಲವೇ ಏನೋ ಒಂದು ಒತ್ತಿ ಎದ್ದು ಹೋಗುತ್ತಿದ್ದರು.

ತೂಕದಣ್ಣ ಹಾಗೆ ಮಾಡಲಿಲ್ಲ. ಕೇಳಿದ್ದಾರೆ, ಸರಿಯಾದ ಉತ್ತರ ಕೊಡಬೇಕು. ಮೂರನೆಯ ವಾರದಿಂದ ಅವನು ಪಕ್ಕದಲ್ಲಿ ಗೋಡೆ ಗಡಿಯಾರ ಇಳಿಸಿಟ್ಟುಕೊಂಡು ಕೂರತೊಡಗಿದ. ಶಬ್ದ ಹೋದಾಗ ಒಂದು ಗೆರೆ, ಬಂದಾಗ ಒಂದು ಗೆರೆ. ಮೂವತ್ತು ನಿಮಿಷದಲ್ಲಿ ಹನ್ನೊಂದು ನಿಮಿಷ ಶಬ್ದವಿಲ್ಲ, ಏಳು ನಿಮಿಷ ಚಿತ್ರವಿಲ್ಲ ಎಂದಾದರೆ ಚಿತ್ರಕ್ಕೆ ಮೂರು, ಶಬ್ದಕ್ಕೆ ಎರಡು. ಒಟ್ಟಾರೆಗೂ ಎರಡು, ಏಕೆಂದರೆ ತಕ್ಕಡಿಯ ಒಂದು ತಟ್ಟೆ ತೂತಾದ ಮೇಲೆ ಇನ್ನೊಂದು ಚೆನ್ನಾಗಿದ್ದು ಏನು ಪ್ರಯೋಜನ? ಕೆಳಗಿನ ಚೌಕದಲ್ಲಿ ತಪ್ಪಿಲ್ಲದ ಅಕ್ಷರಗಳಲ್ಲಿ ಬರೆಯುತ್ತಿದ್ದ: 'ನಾಲ್ಕು ಗಂಟೆ ಆರು ನಿಮಿಷದಿಂದ ಹದಿನೇಳು ನಿಮಿಷದವರೆಗೆ ಶಬ್ದ ಇರಲಿಲ್ಲ. ಮಗು ಮುಖ್ಯವಾದ ವಿಷಯ ಹೇಳುತ್ತಿತ್ತು. ದಯವಿಟ್ಟು ಸರಿಪಡಿಸಿ.' ಇದು ಅವನು ಯಂತ್ರಕ್ಕೆ ಕಟ್ಟುತ್ತಿದ್ದ ಚೀಟಿ. ಆ ಕಡೆ ಯಾರೋ ತನ್ನಂಥವನೇ ಒಬ್ಬ ಮೇಜಿನ ಮುಂದೆ ಕೂತಿದ್ದಾನೆ, ಚೀಟಿ ಓದಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವನ ಅಕ್ಕ ಹೊಲಿಗೆಯವಳು, ಎರಡು ಓಣಿ ಆಚೆ ಮನೆ. ಗಂಡ ತೀರಿದ ಮೇಲೆ ಎರಡು ಮಕ್ಕಳನ್ನು ಒಬ್ಬಳೇ ದಡ ಸೇರಿಸಿದವಳು, ಮಾತು ಖಾರ. ಒಂದು ಶನಿವಾರ ತಮ್ಮನಿಗೆ ಊಟ ತಂದವಳು ಅವನು ಗೆರೆಗಳನ್ನು ಕೂಡಿ ಕಳೆಯುತ್ತ ಕೂತದ್ದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನೋ ಅದು, ಪರೀಕ್ಷೆ ಪೇಪರ್ ತಿದ್ತಿದೀಯಾ?"

"ಇವತ್ತು ಎಷ್ಟು ಕೊಡಬೇಕು ಅಂತ ನೋಡ್ತಿದೀನಿ ಅಕ್ಕ."

"ಐದು ಒತ್ತಿ ಎದ್ದೇಳೋ. ಆಟೋದವನಿಗೆ ಐದು, ಬ್ಯಾಂಕಿನವಳಿಗೆ ಐದು, ಫೋನ್ ರಿಪೇರಿಯವನಿಗೆ ಐದು. ಯಾರು ಕೇಳಿದ್ರೂ ನಾನು ಐದೇ. ನನ್ನ ಅಪ್ಪನ ಗಂಟೇನು ಹೋಗುತ್ತೆ?"

"ಶಬ್ದಾನೇ ಇರ್ಲಿಲ್ಲ. ಐದು ಕೊಟ್ರೆ ಸುಳ್ಳು ತೂಕ ಆಗಲ್ವಾ? ಆಮೇಲೆ ಅವರು ಯಾಕೆ ಸರಿ ಮಾಡ್ತಾರೆ?"

"ಅಯ್ಯೋ ನಿನ್ನ ಸತ್ಯಕ್ಕಿಷ್ಟು ಬೆಂಕಿ ಬೀಳ! ಸತ್ಯಕ್ಕೆ ಸಾವಿಲ್ಲ ಅಂತಾರೆ ಎಲ್ಲಾರೂ. ಸತ್ಯ ಹೇಳಿದೋನ ಗತಿ ಏನಾಯ್ತು ಅಂತ ಯಾರಾದ್ರೂ ಹೇಳ್ತಾರಾ? ಹೆಂಡತಿ ಮುಂದೆ ಹೇಳಿ ನೋಡಿದ್ಯಲ್ಲ, ಇನ್ನೂ ಬುದ್ಧಿ ಬರ್ಲಿಲ್ವಾ?"

ಆ ಕೊನೆಯ ಮಾತು ಅವನಿಗೆ ನಾಟಿತು. ಆದರೂ ಎರಡು ನಕ್ಷತ್ರವನ್ನೇ ಒತ್ತಿ ಫೋನು ಬದಿಗಿಟ್ಟ. ಅಕ್ಕ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೋದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಶನಿವಾರ ಬಂತು. ಅವತ್ತು ಮೊದಲ ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಮಗಳು ಹೊಸ ಹಲ್ಲು ತೋರಿಸಿದಳು. ಆಮೇಲೆ ಶಬ್ದ ಹೋಯಿತು, ಹೋದದ್ದು ಬರಲೇ ಇಲ್ಲ. ಇವನು ಕಿವಿ ತೋರಿಸಿ, ತಲೆಯಾಡಿಸಿ, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಒಮ್ಮೆ ಹಿಂತಿರುಗಿ ಬಾಗಿಲ ಕಡೆ ನೋಡಿ, ಕ್ಯಾಮೆರಾಕ್ಕೆ ತೀರಾ ಹತ್ತಿರ ಬಾಗಿ, ಗುಟ್ಟು ಹೇಳುವವಳಂತೆ ತುಟಿ ಆಡಿಸಿದಳು. ಬಲಗೈ ಎತ್ತಿ ಐದು ಬೆರಳನ್ನೂ ಅಗಲಿಸಿ ತೋರಿಸಿದಳು. ಮತ್ತೆ ತುಟಿ ಆಡಿಸಿದಳು, ಮತ್ತೆ ಐದು ಬೆರಳು. ಇವನು ಗಡಿಯಾರ ನೋಡಿದ, ನಾಲ್ಕು ಇಪ್ಪತ್ತೈದು. ಇನ್ನು ಐದೇ ನಿಮಿಷ ಇದೆ ಅನ್ನುತ್ತಿದ್ದಾಳೆ, ಪಾಪ, ಅವಳೂ ನಿಮಿಷ ಎಣಿಸುತ್ತಾಳೆ ಅಂದುಕೊಂಡ. ತಾನೂ ಐದು ಬೆರಳು ಅಗಲಿಸಿ ತೋರಿಸಿ, ಹೂಂ ಹೂಂ ಎಂದು ದೊಡ್ಡದಾಗಿ ತಲೆಯಾಡಿಸಿದ. ಅವಳ ಮುಖ ಅರಳಿತು. ಇನ್ನೊಮ್ಮೆ ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿದಳು, ಅಲ್ಲಿಗೆ ಚಿತ್ರವೂ ನಿಂತಿತು. ಉಳಿದ ಹೊತ್ತೆಲ್ಲ ಪರದೆಯ ತುಂಬ ಆ ಪುಟ್ಟ ಅಂಗೈ, ಹೆಬ್ಬೆರಳಿನ ಬುಡದಲ್ಲಿ ಶಾಯಿಯ ಕಲೆ.

ಅವತ್ತು ಅವನು ಶಬ್ದಕ್ಕೆ ಒಂದು ಕೊಟ್ಟ, ಒಟ್ಟಾರೆಗೂ ಒಂದು. ಚೌಕದಲ್ಲಿ, 'ಇಪ್ಪತ್ತೈದು ನಿಮಿಷ ಶಬ್ದವೇ ಇಲ್ಲ. ಇದನ್ನು ಭೇಟಿ ಎಂದು ಕರೆಯಲಾಗದು' ಎಂದು ಬರೆದ. ಬರೆದು ಸ್ವಲ್ಪ ಹಗುರಾದ ಕೂಡ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಇನ್ನು ಸರಿ ಮಾಡದೆ ಇರಲಾರರು.

ಸರಿ ಮಾಡಿದರು. ಮುಂದಿನ ಶನಿವಾರ ಬರುವ ಮೊದಲೇ ಫೋನಿಗೆ ಒಂದು ಪತ್ರ ಬಂತು. ಅದನ್ನು ಅವನು ಅಂಗಡಿಯಲ್ಲಿ ನಿಂತೇ ಓದಿದ. 'ಕಳೆದ ಅವಧಿಯಲ್ಲಿ ನಿಮ್ಮ ತೃಪ್ತಿಯ ಸರಾಸರಿ ಐದಕ್ಕೆ ಒಂದು ಪಾಯಿಂಟ್ ಎಂಟು. ಈ ಅಂಶವನ್ನು ಪರಿಗಣಿಸಿ ನಿಮ್ಮ ಭೇಟಿಯನ್ನು ತಿಂಗಳಿಗೆ ಒಂದಕ್ಕೆ, ಹದಿನೈದು ನಿಮಿಷಕ್ಕೆ ಪರಿಷ್ಕರಿಸಲಾಗಿದೆ. ಆರು ತಿಂಗಳ ನಂತರ ಮರುಪರಿಶೀಲನೆ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು.' ಅವನ ಕೈಯಲ್ಲಿ ಒಂದು ಕಿಲೋದ ಕಲ್ಲಿತ್ತು. ಅದನ್ನು ಎಲ್ಲಿಟ್ಟನೆಂದು ಆಮೇಲೆ ಬಹಳ ಹೊತ್ತು ಹುಡುಕಬೇಕಾಯಿತು.

ಮಾರನೆಯ ದಿನ ಬೆಳಿಗ್ಗೆಯೇ ತನ್ನೂರಿನ ಕುಟುಂಬ ಕೇಂದ್ರಕ್ಕೆ ಹೋದ. ಜೇಬಿನಲ್ಲಿ ಗೆರೆ ಎಳೆದ ಹಾಳೆಗಳೆಲ್ಲ ಇದ್ದವು. ಟೋಕನ್ ತೆಗೆದುಕೊಂಡು, ಕಬ್ಬಿಣದ ಕುರ್ಚಿಯಲ್ಲಿ ಎರಡು ಗಂಟೆ ಕೂತ ಮೇಲೆ ಒಳಗೆ ಕರೆದರು. ಸಲಹೆಗಾರ್ತಿ ಅವನದೇ ವಯಸ್ಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪು, ಮೇಜಿನ ಮೇಲೆ ಆರಿದ ಟೀ. ಗದರುವವಳಲ್ಲ. ಹಾಗಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ನೋಡಿ ಸರ್, ಮಗು ಪ್ರತಿ ಸಲ ಐದಕ್ಕೆ ಐದು ಕೊಟ್ಟಿದೆ. ಒಂದ್ಸಲಾನೂ ತಪ್ಪಿಲ್ಲ. ನೀವು ಎರಡು, ಎರಡು, ಎರಡು, ಎರಡು, ಒಂದು. ಮಗುಗೆ ಖುಷಿ ಇದೆ, ನಿಮಗೆ ಇಲ್ಲ ಅಂತ ತಾನೇ ಅರ್ಥ?"

"ಮೇಡಂ, ನಾನು ಕೊಟ್ಟಿದ್ದು ಶಬ್ದಕ್ಕೆ. ಶಬ್ದ ಬರ್ತಿರ್ಲಿಲ್ಲ. ಎಷ್ಟು ಹೊತ್ತು ಬರ್ತಿರ್ಲಿಲ್ಲ ಅಂತ ಇಲ್ಲಿ ಬರ್ಕೊಂಡಿದೀನಿ ನೋಡಿ."

"ಅದು ಗೊತ್ತಾಗುತ್ತೆ ಸರ್. ಆದ್ರೆ ಕಂಪ್ಯೂಟರ್‌ಗೆ ಅದೆಲ್ಲ ಗೊತ್ತಾಗಲ್ಲ. ಒಟ್ಟಾರೆ ಅನುಭವ ಅಂತ ಇದೆಯಲ್ಲ, ಅದರ ಅಂಕಿ ಮಾತ್ರ ತಗೊಳ್ಳುತ್ತೆ. ತಂದೆಗೆ ಅತೃಪ್ತಿ ಇದ್ರೆ ಮಗು ಮೇಲೆ ಪರಿಣಾಮ ಆಗುತ್ತೆ ಅಂತ ಭೇಟಿ ಕಮ್ಮಿ ಮಾಡುತ್ತೆ."

"ಅಷ್ಟುದ್ದ ಬರೆದು ತಿಳಿಸಿದೀನಲ್ಲ ಮೇಡಂ. ಪ್ರತಿ ವಾರ ಬರ್ದಿದೀನಿ. ಸರಿಪಡಿಸಿ ಅಂತ."

ಅವಳು ಪರದೆಯನ್ನು ಇವನ ಕಡೆ ತಿರುಗಿಸಿದಳು. ಅಂಕಿಗಳ ಒಂದು ಸಾಲು, ಅಷ್ಟೇ. "ಬರೆದಿದ್ದು ನಮ್ಮ ವರದೀಲಿ ಬರಲ್ಲ ಸರ್. ಎಲ್ಲಿಗೆ ಹೋಗುತ್ತೆ ಅಂತ ನಂಗೂ ಗೊತ್ತಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೆಟ್ಟದ್ದು ಇವರ ಯಂತ್ರ, ಬರೆ ಬಿದ್ದದ್ದು ಅಪ್ಪ ಮಗಳಿಗೆ. ಅವನಿಗೆ ಕೂಗಾಡಬೇಕೆನ್ನಿಸಿತು. ನಾಲ್ಕು ತಿಂಗಳು ಗೋಡೆಯ ಜೊತೆ ಮಾತಾಡಿದ್ದೆನೇ, ಚೀಟಿಗಳನ್ನೆಲ್ಲ ದಾರ ಕಟ್ಟಿ ಬಾವಿಗೆ ಇಳಿಬಿಟ್ಟಿದ್ದೆನೇ ಎಂದು ಒಳಗೇ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಚುಚ್ಚುತ್ತಿತ್ತು. ಮಗಳು ಪ್ರತಿ ಸಲ ಐದು ಕೊಟ್ಟಿದ್ದಾಳೆ. ಅಪ್ಪನ ಮುಖ ಕಾಣದ ದಿನವೂ ಐದು, ಮಾತು ಕೇಳದ ದಿನವೂ ಐದು. ಅಂದರೆ ಅವಳಿಗೆ ಅದು ಕೊರತೆ ಅನ್ನಿಸಲೇ ಇಲ್ಲವೇ? ಆಟದ ಗುಂಡಿ ಒತ್ತಿದಂತೆ ಒತ್ತಿ ಎದ್ದು ಹೋಗುತ್ತಿದ್ದಳೇ?

"ಈಗ ಏನ್ ಮಾಡ್ಬೇಕು ಮೇಡಂ?"

"ಆರು ತಿಂಗಳು ಐದೇ ಕೊಡಿ. ಏನೇ ಆದ್ರೂ ಐದು. ಆಮೇಲೆ ತಾನಾಗೇ ಮೇಲೆ ಹೋಗುತ್ತೆ." ಅವಳು ದನಿ ತಗ್ಗಿಸಿದಳು. "ನಿಮಗೊಬ್ಬರಿಗೇ ಅಲ್ಲ ಸರ್, ನಮಗೂ ಇದೆ. ಹೊರಗೆ ಹೋಗುವಾಗ ನಾನು ಹೇಗೆ ಮಾತಾಡಿದೆ ಅಂತ ಕೇಳುತ್ತೆ. ದಯವಿಟ್ಟು ನೋಡ್ಕೊಂಡು ಒತ್ತಿ. ಹೋದ ತಿಂಗಳು ನಂಗೂ ಕಮ್ಮಿ ಬಂದಿದೆ."

ಬಾಗಿಲ ಬಳಿ ಗೋಡೆಗೆ ಒಂದು ಪರದೆ ಅಂಟಿಸಿದ್ದರು. ಐದು ಮುಖಗಳು, ಅಳುವುದರಿಂದ ಹಿಡಿದು ನಗುವುದರವರೆಗೆ. ಇಂದಿನ ನಮ್ಮ ಸೇವೆ ಹೇಗಿತ್ತು? ತೂಕದಣ್ಣ ಅದರ ಮುಂದೆ ಬಹಳ ಹೊತ್ತು ನಿಂತ. ಹಿಂದೆ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು "ಬೇಗ ಒತ್ತಿ ಅಣ್ಣ" ಅಂದಳು. ಅವನು ಕಿವಿಯಿಂದ ಕಿವಿಯವರೆಗೆ ನಗುವ ಕೊನೆಯ ಮುಖವನ್ನು ಒತ್ತಿದ. ನಲವತ್ತಾರು ವರ್ಷದಲ್ಲಿ ಅವನು ಗೊತ್ತಿದ್ದೂ ಹಾಕಿದ ಮೊದಲ ಸುಳ್ಳು ತೂಕ ಅದು. ಪರದೆ 'ನಿಮ್ಮ ದಿನ ಶುಭವಾಗಿರಲಿ' ಅಂದಿತು.

ಹಿಂದಿರುಗುವ ದಾರಿಯಲ್ಲಿ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದ. 'ನಾನು ಅವತ್ತೇ ಹೇಳಲಿಲ್ಲವೇ' ಎಂಬ ಮಾತು ಅವಳ ಬಾಯಿಗೆ ಬಂದೇ ಬರುತ್ತದೆಂದು ಕಾದು ಕೂತ. ಅಕ್ಕ ಅದನ್ನು ಹೇಳಲಿಲ್ಲ. ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಮೂಗು ಒರೆಸಿಕೊಂಡು, "ಹದಿನೈದು ನಿಮಿಷದಲ್ಲಿ ಮಗು ಏನಂತ ಮಾತಾಡುತ್ತೋ" ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಆ ತಿಂಗಳು ಕಳೆಯುವುದೇ ಕಷ್ಟವಾಯಿತು. ಶನಿವಾರಗಳು ಬಂದವು. ಮೂರೂವರೆಗೆ ಅವನ ಕೈ ತಾನಾಗಿ ಷಟರಿನ ಕಡೆ ಹೋಗುತ್ತಿತ್ತು, ಆಮೇಲೆ ನೆನಪಾಗಿ ಹಿಂದಕ್ಕೆ ಬರುತ್ತಿತ್ತು. ಒಂದು ಯಂತ್ರಕ್ಕೆ ಚೀಟಿ ಬರೆಯುವಾಗ ಎಷ್ಟು ಗ್ರಾಂ ಎಂಬುದನ್ನು ಬರೆಯದೆ ಬರೀ 'ಕಡಿಮೆ' ಎಂದು ಬರೆದ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡ: ಗೆಳತಿಯ ವಿಷಯ ಕೇಳಬೇಕು, ಹಲ್ಲಿನ ವಿಷಯ ಕೇಳಬೇಕು, ನಕ್ಷತ್ರದ ಸುದ್ದಿ ಎತ್ತಲೇಬಾರದು. ಇರುವ ಹದಿನೈದು ನಿಮಿಷವನ್ನು ಆ ಹಾಳು ವಿಷಯಕ್ಕೆ ಕೊಡಬಾರದು.

ಬಂತು ಆ ಶನಿವಾರ. ನಾಲ್ಕಕ್ಕೆ ಪರದೆ ಬೆಳಗಿತು. ಅವನ ಪುಣ್ಯವೋ ಪಾಪವೋ, ಅಂಥ ಚಿತ್ರ ಅವನು ಅದುವರೆಗೆ ನೋಡಿರಲಿಲ್ಲ. ಮಗಳ ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತೂ ಕಾಣುತ್ತಿತ್ತು. ಆ ಕಡೆ ಕುರ್ಚಿ ಕಿರುಗುಟ್ಟಿದ್ದೂ, ಅವಳು ಉಸಿರೆಳೆದುಕೊಂಡದ್ದೂ ಪಕ್ಕದಲ್ಲೇ ಕೂತಿದ್ದಾಳೇನೋ ಎಂಬಂತೆ ಕೇಳಿಸಿತು. ಕೂದಲು ಗಿಡ್ಡ ಕತ್ತರಿಸಿದ್ದರು. ಅವಳು ನಗಲಿಲ್ಲ.

"ಏನು ಪುಟ್ಟಿ, ಚೆನ್ನಾಗಿದೀಯಾ? ಕೂದಲು ಯಾರು ಕತ್ತರಿಸಿದ್ದು?"

"ಅಮ್ಮ."

"ಚೆನ್ನಾಗಿದೆ" ಅಂದ. ಎಡಗಡೆ ಸ್ವಲ್ಪ ಉದ್ದವಿತ್ತು, ಹೇಳಲಿಲ್ಲ. "ಆ ನಿನ್ನ ಗೆಳತಿ ಮತ್ತೆ ಮಾತಾಡಿದ್ಲಾ?"

"ಹೂಂ." ಅಷ್ಟೇ. ಶಾಲೆ ಹೇಗಿದೆ ಅಂದರೆ ಹೂಂ, ಅತ್ತೆ ನಿನ್ನ ಕೇಳಿದಳು ಅಂದರೆ ಹೂಂ. ಅವಳು ಫ್ರಾಕಿನ ಅಂಚಿನ ನೂಲು ಎಳೆಯುತ್ತಿದ್ದಳು. ಹೀಗೇ ಏಳೆಂಟು ನಿಮಿಷ ಹೋದವು. ಗಡಿಯಾರವನ್ನು ಅವನು ಅವತ್ತು ಬೇಕೆಂದೇ ಇಳಿಸಿಟ್ಟಿರಲಿಲ್ಲ, ಆದರೂ ಗೋಡೆಯ ಕಡೆ ಕಣ್ಣು ಹೋಗುತ್ತಿತ್ತು.

"ಏನಾಯ್ತು ಮಗಳೇ? ಯಾಕೆ ಮಾತಾಡ್ತಿಲ್ಲ?"

ಅವಳು ತಲೆ ಎತ್ತಿದಳು. "ಅಪ್ಪ, ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀನ್ಯಾಕೆ ತಪ್ಪು ಮಾಡ್ತೀಯ? ಯಾರು ಹೇಳಿದ್ರು ಹಾಗಂತ?"

"ಇಲ್ಲಿ ಆಂಟಿ ಹೇಳಿದ್ರು, ನಿಮ್ಮಪ್ಪ ಎರಡು ಸ್ಟಾರ್ ಕೊಡ್ತಾರೆ, ಒಂದ್ಸಲ ಒಂದು ಕೊಟ್ರು, ಅದಕ್ಕೇ ಕಮ್ಮಿ ಮಾಡಿದ್ದು ಅಂತ."

"ಪುಟ್ಟಿ, ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ಕಮ್ಮಿ ಕೊಟ್ರೆ ಭೇಟಿ ಕಮ್ಮಿ ಮಾಡ್ತಾರೆ ಅಂತ ಯಾರೂ ನಂಗೆ ಹೇಳ್ಲಿಲ್ಲ."

"ನಾನು ಹೇಳಿದ್ನಲ್ಲ!" ಅವಳ ದನಿ ಒಡೆಯಿತು. "ನನಗಿಂತ ಮುಂಚೆ ಇಲ್ಲಿ ಕೂರೋ ಅಕ್ಕ ಇದಾಳಲ್ಲ, ಅವಳಪ್ಪ ಮೂರು ಮೂರು ಕೊಟ್ಟು ಅವರದ್ದು ನಿಂತೇಹೋಯ್ತು. 'ನಿಮ್ಮಪ್ಪಂಗೂ ಹೇಳು' ಅಂದ್ಲು. ಅದಕ್ಕೇ ಅವತ್ತು ಕೈ ತೋರ್ಸಿ ಹೇಳಿದೆ. ಐದು ಕೊಡಪ್ಪ, ಐದೇ ಕೊಡು ಅಂತ. ನೀನೂ ಕೈ ತೋರ್ಸಿ ಹೂಂ ಹೂಂ ಅಂದೆ. ಅಂದ್ಬಿಟ್ಟು ಅವತ್ತೇ ಒಂದು ಕೊಟ್ಟೆ."

ಪರದೆಯ ತುಂಬ ಹರಡಿ ನಿಂತಿದ್ದ ಆ ಅಂಗೈ, ಹೆಬ್ಬೆರಳಿನ ಬುಡದ ಶಾಯಿ, ಗುಟ್ಟು ಹೇಳುವ ತುಟಿ, ಆಮೇಲೆ ಅರಳಿದ ಮುಖ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಒಂದು ಮಗು ಬಾಗಿಲ ಕಡೆ ನೋಡಿ, ಹೆದರಿ, ಅಪ್ಪನನ್ನು ಉಳಿಸಿಕೊಳ್ಳಲು ದಾರಿ ಹೇಳಿಕೊಟ್ಟಿತ್ತು. ಅವನು ಅದನ್ನು ನೋಡುತ್ತ ನೋಡುತ್ತ ನಿಮಿಷ ಎಣಿಸಿದ್ದ.

"ಪುಟ್ಟಿ, ಅವತ್ತು ಶಬ್ದ..."

"ಮುಂಚೆ ಅಮ್ಮಂಗೆ ಹೇಳ್ತಿದ್ಯಲ್ಲ, ಉಪ್ಪು ಜಾಸ್ತಿ, ಅದು ಸರಿ ಇಲ್ಲ, ಇದು ಸರಿ ಇಲ್ಲ ಅಂತ." ಅವಳು ಈಗ ಅಳುತ್ತಿರಲಿಲ್ಲ, ತುಂಬ ದಿನ ಯೋಚಿಸಿ ಇಟ್ಟುಕೊಂಡದ್ದನ್ನು ಒಪ್ಪಿಸುತ್ತಿದ್ದಳು. "ಹಂಗೇ ನಂಗೂ ಕೊಟ್ಟಿದೀಯ ಅನ್ಕೊಂಡೆ. ನಾನು ಸರಿಯಾಗಿ ಮಾತಾಡ್ಲಿಲ್ಲ ಅಂತ. ಇವತ್ತು ಚೆನ್ನಾಗಿ ಮಾತಾಡ್ಬೇಕು ಅಂತ ಬಂದೆ ಅಪ್ಪ. ಏನ್ ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ಅಯ್ಯೋ ಕಂದಾ, ನಿಂಗಲ್ಲ! ನಾನು ಕೊಟ್ಟಿದ್ದು ನಿಂಗಲ್ಲ ಪುಟ್ಟಿ, ಆ ಹಾಳು ಮೆಷಿನ್‌ಗೆ. ನೀನು..."

ನಾಲ್ಕು ಹದಿನೈದು. ಮುಖ ಮಾಯವಾಯಿತು.

ಅವನು "ನೀನು, ನೀನು" ಎಂದು ಇನ್ನೂ ಹೇಳುತ್ತಲೇ ಇದ್ದ. ಅವಳ ಮುಖವಿದ್ದ ಜಾಗದಲ್ಲಿ ಐದು ಬೋಳು ನಕ್ಷತ್ರಗಳು ಬಂದು ಸಾಲಾಗಿ ನಿಂತವು. ಷಟರಿನ ಕೆಳಗೆ ಯಾರದೋ ಕಾಲು ಕಾಣಿಸಿ, "ತೂಕದಣ್ಣ ಇದಾನಾ?" ಎಂದು ಕೂಗಿ, ಉತ್ತರ ಬಾರದೆ ಮುಂದೆ ಹೋಯಿತು. ಚಿತ್ರ ಹೇಗಿತ್ತು? ಹುಬ್ಬಿನ ಗಾಯದ ಗುರುತು ಕಾಣುವಷ್ಟು ಚೆನ್ನಾಗಿತ್ತು. ಐದು ಒತ್ತಿದ. ಶಬ್ದ ಹೇಗಿತ್ತು? ಅವಳು ಹೇಳಿದ ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಐದು ಒತ್ತಿದ. ಒಟ್ಟಾರೆ ಅನುಭವಕ್ಕೆ ಐದು. ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಅಂದದ್ದಕ್ಕೆ ಹೌದು. ಕೆಳಗಿನ ಚೌಕದಲ್ಲಿ 'ನಿಂಗಲ್ಲ ಪುಟ್ಟಿ' ಎಂದು ಬರೆದು, ಅದು ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಅಳಿಸಿದ. ಅವನ ಕೊನೆಯ ಮಾತು ಆ ಕಡೆ ಕೇಳಿಸಿತೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಅದು ಗೊತ್ತಾಗಲು ಇನ್ನೊಂದು ತಿಂಗಳು ಕಾಯಬೇಕಿತ್ತು.